ಮಂದಾರೆಗಾಗಿ ಕಾದವರು

ಚಿತ್ತಾಪುರದ ಟಾಕೀಸಿನಲ್ಲಿ ಹೆಂಗಸರ ಕಡೆಗೂ ಗಂಡಸರ ಕಡೆಗೂ ನಡುವೆ ಎದೆಮಟ್ಟದ ಒಂದು ಗೋಡೆ ಇತ್ತು. ಗಂಡಸರು ಸಿನಿಮಾ ನೋಡುತ್ತಿದ್ದರು, ಹೆಂಗಸರು ಕೇಳುತ್ತಿದ್ದರು. ಕೇಳಿಸುತ್ತಿದ್ದವಳು ಹಾಲಿನ ಮಹಾದೇವಮ್ಮ.

ಅವಳ ತವರು ಚಿಂಚೋಳಿಯ ಆಚೆ, ಗಡಿಗೆ ಅಂಟಿಕೊಂಡ ಹಳ್ಳಿ. ಅಲ್ಲಿ ಎಮ್ಮೆಗಳಿಗೂ ತೆಲುಗು ತಿಳಿಯುತ್ತದೆ ಎಂದು ಅವಳೇ ಹೇಳಿಕೊಂಡು ನಗುತ್ತಿದ್ದಳು. ಗಂಡ ಗೊಲ್ಲಾಳಪ್ಪ ಟಾಕೀಸಿನ ಗೇಟಿನಲ್ಲಿ ತಿಕೀಟು ಹರಿಯುವವನು. ಸಿನಿಮಾ ಎಂದರೆ ಅವನಿಗೆ ಗೇಟು ತೆಗೆಯುವ ಹೊತ್ತು ಮತ್ತು ಗೇಟು ಹಾಕುವ ಹೊತ್ತು, ಅಷ್ಟೇ. ನಡುವೆ ಒಳಗೆ ಏನಾಯಿತೆಂದು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಇಣುಕಿ ನೋಡಿದವನಲ್ಲ. ಅವನ ಪಾಲಿನ ಆಸೆಯನ್ನೂ ಸೇರಿಸಿ ಹೆಂಡತಿಯೇ ನೋಡುತ್ತಿದ್ದಳು.

ಆಗ ಸಿಕಂದರಾಬಾದ್ ಕಡೆಯ ರೈಲಿನಲ್ಲಿ ತೆಲುಗು ಚಿತ್ರಗಳ ಡಬ್ಬಿಗಳು ಬಂದಿಳಿಯುತ್ತಿದ್ದವು. ಗಂಡಸರಿಗೆ ಭಾಷೆಯ ಹಂಗಿರಲಿಲ್ಲ, ಕತ್ತಿ ಝಳಪಿಸಿದರೆ ಸಾಕಿತ್ತು. ಹೆಂಗಸರಿಗೆ ಯಾರು ಯಾರಿಗೆ ಏನಂದರು ಎಂಬುದು ತಿಳಿಯದಿದ್ದರೆ ತಿಂದ ಶೇಂಗಾ ಅರಗುತ್ತಿರಲಿಲ್ಲ. ಹಾಗಾಗಿ ಮಹಾದೇವಮ್ಮ ನಡುವಿನ ಬೆಂಚಿನಲ್ಲಿ ಕೂತು, ತೆರೆಯ ಮೇಲಿನ ಮಾತು ಮುಗಿಯುವುದರೊಳಗೆ ಅದನ್ನು ಕನ್ನಡ ಮಾಡಿ ಹೇಳುತ್ತಿದ್ದಳು. ರಾಣಿಗೊಂದು ದನಿ, ಮಾಂತ್ರಿಕನಿಗೊಂದು ದನಿ. ಕಥೆ ಹೇಳುವವರಿಗೆ ಹೂಂ ಅನ್ನುವವರು ಒಬ್ಬರು ಬೇಕೇ ಬೇಕಲ್ಲ? ಆ ಕೆಲಸ ಪಕ್ಕದಲ್ಲಿ ಕೂರುವ ಹಮೀದಾಬೇಗಂಳದು. ರೈಲ್ವೆ ಪಾಯಿಂಟ್ಸ್‌ಮನ್‌ನ ಹೆಂಡತಿ, ಮಾತು ಕಡಿಮೆ, ಹೂಂ ಮಾತ್ರ ಗಟ್ಟಿ.

ಹೀಗಿರುವಾಗ, ತೊಂಬತ್ತೊಂದರಲ್ಲೋ ತೊಂಬತ್ತೆರಡರಲ್ಲೋ, 'ಚಂದ್ರಶಿಲೆ' ಬಂತು. ಒಬ್ಬ ಮಾಂತ್ರಿಕ ಇಡೀ ಪಟ್ಟಣವನ್ನು ಕಲ್ಲು ಮಾಡುತ್ತಾನೆ. ಚಂದ್ರಶಿಲೆ ಎಂಬ ಹರಳು ಸಿಕ್ಕರೆ ಎಲ್ಲರಿಗೂ ಜೀವ ಬರುತ್ತದೆ. ರಾಜಕುಮಾರನೂ ರಾಜಕುಮಾರಿಯೂ ಅದನ್ನು ಹುಡುಕುತ್ತ ಹೊರಡುತ್ತಾರೆ. ಒಂದೇ ಸಿನಿಮಾದಲ್ಲಿ ಮುಗಿಯುವ ಕಥೆಯಲ್ಲ, ನಾಲ್ಕು ಭಾಗ. ಊರಿಗೆ ಊರೇ ಅದರ ಹುಚ್ಚಿಗೆ ಬಿತ್ತು. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕೊರೆಯುವ ಹುಡುಗರು ಅರ್ಧ ದಿನದ ಕೂಲಿ ಬಿಟ್ಟು ಬಂದು ನೋಡಿಹೋದರು.

ಎರಡನೆಯ ಭಾಗದಲ್ಲಿ ಮಂದಾರೆ ಕಲ್ಲಾದಳು.

ಮಂದಾರೆ ರಾಜಕುಮಾರಿಯ ದಾಸಿ. ಮಾಂತ್ರಿಕ ಬೆನ್ನು ಹತ್ತಿದಾಗ ಕೋಟೆಯ ಬಾಗಿಲಿಗೆ ತನ್ನ ಮೈಯನ್ನೇ ಅಡ್ಡ ಕೊಟ್ಟು ಒಡತಿಯನ್ನು ಹೊರಗೆ ದಾಟಿಸುತ್ತಾಳೆ. ಕಾಲಿನಿಂದ ಮೇಲಕ್ಕೆ ಕಲ್ಲಾಗುತ್ತ ಬರುತ್ತಾಳೆ. ಒಡತಿ ಕುದುರೆ ಏರಿ ಹೋದವಳು ಹಿಂದೆ ತಿರುಗಿಯೂ ನೋಡುವುದಿಲ್ಲ, ಮುಂದಿನ ಗಳಿಗೆಗೆ ಹೂದೋಟದಲ್ಲಿ ಹಾಡು ಶುರು. ಮಂದಾರೆ ಒಂದು ಮಾತೂ ಆಡಿರಲಿಲ್ಲ. ಸಿನಿಮಾದವರು ಆಡಿಸಿಯೇ ಇರಲಿಲ್ಲ. ಆದರೆ ಅವಳ ತುಟಿ ಅಲುಗಿದ್ದನ್ನು ಹೆಂಗಸರೆಲ್ಲ ನೋಡಿದ್ದರು.

"ಏನಂದ್ಳು ಬೇ? ಆಕಿ ಏನಂದ್ಳು?" ಎಂದು ಹಿಂದಿನ ಬೆಂಚಿನಿಂದ ಇಮಾಮ್ಬೀ ಕೇಳಿದಳು. ಸಂತೆಯಲ್ಲಿ ಬಳೆ ತೊಡಿಸುವ ಮುದುಕಿ ಆಕೆ, ಆಗಲೇ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು.

ಮಹಾದೇವಮ್ಮನ ಹೊಟ್ಟೆ ಉರಿದುಹೋಗಿತ್ತು. ಜೀವ ಕೊಟ್ಟವಳಿಗೆ ಒಂದು ಮಾತೂ ಇಲ್ಲವೇ? ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂದುಬಿಟ್ಟಿತು. "'ನೀವು ಮುಂದ ನಡೀರಿ ಅಮ್ಮಾ, ನಾ ಹಿಂದಿಂದ ಬರ್ತೀನಿ' ಅಂದ್ಳು."

"ಹೂಂ" ಎಂದಳು ಹಮೀದಾಬೇಗಂ.

ಅಷ್ಟೇ. ಅಲ್ಲಿಂದ ಶುರುವಾಯಿತು. ಹೆಂಗಸರಿಗೆ ರಾಜಕುಮಾರನೂ ಬೇಡ, ಹರಳೂ ಬೇಡ, ಮಂದಾರೆ ಯಾವಾಗ ಬರುತ್ತಾಳೆ ಎಂಬುದೊಂದೇ ಧ್ಯಾನ. ಮಹಾದೇವಮ್ಮ ಹಾಲು ಅಳೆದು ಹಾಕಿದ ಮೇಲೂ ಪಾತ್ರೆ ಹಿಡಿದವರು ಒಳಗೆ ಹೋಗುತ್ತಿರಲಿಲ್ಲ. ಗುಡಿಯ ಓಣಿಯ ಅನಸೂಯಾಬಾಯಿ, ಪೂಜೆ ಆಚಾರ ಬಿಟ್ಟು ಬೇರೆ ಮಾತೆತ್ತದ ಮನೆತನದ ಹೆಂಗಸು, ಹಾಲಿನ ಚೊಂಬು ಹಿಡಿದೇ ಕೇಳುತ್ತಿದ್ದರು: "ಆ ಹುಡುಗಿ ಗತಿ ಏನಾತ? ಬಿಡಸ್ತಾರೋ ಇಲ್ಲೋ?"

"ಬಿಡಸ್ದ ಎಲ್ಲಿ ಹೋಗ್ತಾರ ಬಾಯಾರ. ಬರ್ತೀನಿ ಅಂದಾಳಲ್ಲ" ಎಂದು ಮಹಾದೇವಮ್ಮ ಹೇಳಿ, ಬೇಗ ಬೇಗ ಮುಂದಿನ ಮನೆಗೆ ಹೋಗುತ್ತಿದ್ದಳು.

ಮೂರನೆಯ ಭಾಗದಲ್ಲಿ ಮಂದಾರೆಯ ಸುಳಿವೇ ಇರಲಿಲ್ಲ. ಹೆಂಗಸರು ಮುಖ ಗಂಟಿಕ್ಕಿಕೊಂಡು ಎದ್ದರು. ಮಹಾದೇವಮ್ಮ ಸುಮ್ಮನಿದ್ದರೆ ಆಗುತ್ತಿತ್ತು. ಸುಮ್ಮನಿರಲಿಲ್ಲ. "ಹರಳು ಇನ್ನಾ ಸಿಕ್ಕಿಲ್ಲ, ಆಕಿ ಹ್ಯಾಂಗ ಬರ್ಬೇಕು? ಕಡೀ ಭಾಗದಾಗ ಬರ್ತಾಳ, ನೋಡ್ಕೋತ ಇರ್ರಿ" ಎಂದು ಮಾತು ಕೊಟ್ಟಳು. ಗಾಣಿಗರ ಸೊಸೆ ಆ ವರ್ಷ ಹುಟ್ಟಿದ ಮಗಳಿಗೆ ಮಂದಾರೆ ಎಂದೇ ಹೆಸರಿಟ್ಟಳು. ತೊಟ್ಟಿಲ ದಿನ ಎಲ್ಲರೂ ಹಾಡುತ್ತಿದ್ದರೆ ಮಹಾದೇವಮ್ಮ ಮಾತ್ರ ಹಾಲಿನ ನೆಪ ಹೇಳಿ ಎದ್ದುಹೋದಳು.

ಕಡೆಯ ಭಾಗ ಬರುವುದರೊಳಗೆ ಎರಡು ಸಾವಿರದ ಮೂರು. ಓಣಿ ಓಣಿಗೆ ಕೇಬಲ್ ಬಂದಿತ್ತು. ಟಾಕೀಸಿನ ಬೆಂಚುಗಳ ಕಾಲು ಮುರಿದಿದ್ದವು, ಹೆಂಗಸರ ಕಡೆಯಲ್ಲಿ ಪಾರಿವಾಳಗಳು ಸಂಸಾರ ಹೂಡಿದ್ದವು. ಆದರೂ 'ಚಂದ್ರಶಿಲೆ' ಎಂದೊಡನೆ ಎಲ್ಲಿದ್ದವರೂ ಎದ್ದರು. ತೆಂಗಳಿ ಊರಿಗೆ ಮದುವೆಯಾಗಿ ಹೋದವರು ತವರಿಗೆ ಬರುವ ನೆಪ ಮಾಡಿಕೊಂಡರು. ವಾಡಿಯಿಂದ ಸಿಮೆಂಟು ಕಾರ್ಖಾನೆಯವರ ಹೆಂಡಿರು ಜೀಪು ಮಾಡಿಕೊಂಡು ಬಂದರು.

ಶುಕ್ರವಾರ ಮೊದಲ ಆಟ ಮುಗಿಸಿ ಬಂದ ಗಂಡನನ್ನು ಮಹಾದೇವಮ್ಮ ಕೇಳಿದಳು. "ಮಂದಾರಿ ಬಂದಾಳೇನ್ರಿ?"

"ಯಾವ ಮಂದಾರಿ? ಗಾಣಿಗೇರ ಹುಡುಗಿ ಏನು? ಬಂದಿದ್ದಿಲ್ಲ ನೋಡು" ಎಂದ ಗೊಲ್ಲಾಳಪ್ಪ.

ಇವನ ಕೂಡ ಸಂಸಾರ ಮಾಡಿದ್ದಕ್ಕೆ ತನಗೊಂದು ಬಿರುದು ಕೊಡಬೇಕು ಎಂದುಕೊಂಡಳು.

ಭಾನುವಾರದ ಮ್ಯಾಟಿನಿಗೆ ಹೆಂಗಸರೆಲ್ಲ ಹೊರಟಾಗ ಮಹಾದೇವಮ್ಮ ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗಿಬಿಟ್ಟಳು. ಮಂದಾರೆ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಯಾಕೆ ಬರುತ್ತಾಳೆ? ಬರುತ್ತೇನೆಂದು ಹೇಳಿದವಳು ಅವಳಲ್ಲವಲ್ಲ. ಹಾಲಿಗೆ ಒಂದು ದಿನವೂ ನೀರು ಬೆರೆಸದ ಹೆಂಗಸು, ಮಾತಿಗೆ ಬೆರೆಸಿ ಕೂತಿದ್ದಳು. ಇಂದು ಊರ ಹೆಂಗಸರ ಮುಂದೆ ಅದು ಬಯಲಾಗುತ್ತದೆ, ನಾಳೆ ಯಾವ ಮುಖ ಹೊತ್ತು ಅವರ ಬಾಗಿಲಿಗೆ ಹೋಗುವುದು?

ಹಮೀದಾಬೇಗಂ ಒಳಗೆ ಬಂದು ಹಣೆ ಮುಟ್ಟಿ ನೋಡಿದಳು. "ಮೈ ತಣ್ಣಗ ಅದ. ಏಳು. ಎಲ್ಲಾರೂ ನಿನ್ನ ಸಲುವಾಗಿ ನಿಂತಾರ."

ಎದ್ದಳು. ಅಂದು ಹೆಂಗಸರ ಕಡೆ ಕಾಲಿಡಲು ಜಾಗವಿರಲಿಲ್ಲ. ಮಹಾದೇವಮ್ಮ ಹೇಳುತ್ತ ಹೋದಳು, ದನಿ ಮೊದಲಿನಷ್ಟೇ ಚಂದ ಇತ್ತು. ಹರಳು ಸಿಕ್ಕಿತು, ಮಾಂತ್ರಿಕ ಸತ್ತ. ಪಟ್ಟಣದ ಕಲ್ಲುಗಳಿಗೆಲ್ಲ ಒಂದೊಂದಾಗಿ ಜೀವ ಬರತೊಡಗಿತು. ಆನೆ ಎದ್ದಿತು, ದಂಡಿನವರು ಎದ್ದರು, ಮಗುವಿಗೆ ಹಾಲೂಡಿಸುತ್ತ ಕಲ್ಲಾದ ತಾಯಿ ಎದ್ದಳು. ರಾಜಕುಮಾರಿ ಪಲ್ಲಕ್ಕಿಯಲ್ಲಿ ಬಂದಳು, ಜನ ಹೂವೆರಚಿದರು.

"ಮಂದಾರಿ ಎಲ್ಲಿ?" ಎಂದರು ಯಾರೋ. "ಮಂದಾರಿ ಬರ್ಲಿಲ್ಲಲ್ಲ ಇನ್ನಾ?" ಎಂದರು ಇನ್ಯಾರೋ.

ತೆರೆಯ ಮೇಲೆ ರಾಜಕುಮಾರ ಉದ್ದನೆಯ ಮಾತು ಆಡುತ್ತಿದ್ದ. ಮಹಾದೇವಮ್ಮ ಅದನ್ನು ಹೇಳಲಿಲ್ಲ. ಇನ್ನೇನು ಮುಗಿದೇ ಹೋಗುತ್ತದೆ, ದೀಪ ಹತ್ತುತ್ತದೆ, ಎಲ್ಲರೂ ತನ್ನ ಕಡೆ ತಿರುಗುತ್ತಾರೆ. ಅಳು ಬಂದಂತಾಯಿತು.

"ಅಗಾ, ಬಂದ್ಳಲ್ಲ" ಎಂದು ಪಕ್ಕದಿಂದ ಒಂದು ದನಿ ಬಂತು. ಹಮೀದಾಬೇಗಂ ಕೈ ಚಾಚಿ ತೋರಿಸುತ್ತಿದ್ದಳು. "ಹಿಂದ ನೋಡ್ರಿ, ಕಂಬದ ಬಲ್ಲಿ. ಹಸರ ಸೀರಿ."

ಜನಜಂಗುಳಿಯ ತುದಿಯಲ್ಲಿ, ಗೀರು ಬಿದ್ದ ರೀಲಿನ ಮಸುಕಿನಲ್ಲಿ, ಯಾವಳೋ ಒಬ್ಬಳು ಕೈಯೆತ್ತಿ ನಿಂತಿದ್ದಳು. ದಿನಗೂಲಿಗೆ ಕರೆದು ನಿಲ್ಲಿಸಿದವಳಿರಬೇಕು.

"ಹೌದ, ಆಕೀನೇ" ಎಂದಳು ಇಮಾಮ್ಬೀ. "ಭಾಳ ಸೊರಗ್ಯಾಳ."

"ಇಷ್ಟ ವರ್ಷ ಕಲ್ಲಾಗಿ ನಿಂತ್ರ ಸೊರಗಂಗಿಲ್ಲೇನು" ಎಂದು ಅನಸೂಯಾಬಾಯಿ ಸೆರಗು ಕಣ್ಣಿಗೊತ್ತಿಕೊಂಡರು. ಇಡೀ ಹೆಂಗಸರ ಕಡೆ ಮೂಗೆಳೆಯುವ ಸದ್ದೆದ್ದಿತು. ಗೋಡೆಯ ಆಚೆಯಿಂದ ಗಂಡಸರು, ಸುಮ್ಮನೆ ಕೂಡುತ್ತೀರೋ ಇಲ್ಲವೋ ಎಂದು ಗದರಿದರು.

ಆಟ ಬಿಟ್ಟಾಗ ಗೊಲ್ಲಾಳಪ್ಪನಿಗೆ ತಲೆ ಕೆಟ್ಟುಹೋಯಿತು. ಒಂದು ಬಾಗಿಲಿನಿಂದ ಗಂಡಸರು ಬೈಯುತ್ತ ಹೊರಬಂದರು: ಕತ್ತಿವರಸೆ ಸಪ್ಪೆ, ನಾಯಕನಿಗೆ ಹೊಟ್ಟೆ ಬಂದಿದೆ, ಇಷ್ಟು ವರ್ಷ ಕಾದದ್ದು ದಂಡ. ಇನ್ನೊಂದು ಬಾಗಿಲಿನಿಂದ ಹೆಂಗಸರು ಮಗಳು ಬಾಣಂತನಕ್ಕೆ ತವರಿಗೆ ಬಂದಷ್ಟು ಖುಷಿಯಲ್ಲಿ ಹೊರಬಂದರು. ಒಳಗೆ ಎರಡು ಸಿನಿಮಾ ಹಾಕಿದ್ದರೇನು ಎಂದು ಅವನು ಆಪರೇಟರನನ್ನು ಕೇಳಿದನಂತೆ.

ಎಲ್ಲರೂ ಮುಂದೆ ಹೋದ ಮೇಲೆ ಮಹಾದೇವಮ್ಮನೂ ಹಮೀದಾಬೇಗಂಳೂ ಸ್ಟೇಷನ್ ರಸ್ತೆಯಲ್ಲಿ ನಿಧಾನವಾಗಿ ನಡೆದರು. ಬಿಸಿಲು ಇನ್ನೂ ಇತ್ತು.

"ಆಕಿ ಮಂದಾರಿ ಅಲ್ಲ" ಎಂದಳು ಮಹಾದೇವಮ್ಮ.

"ಗೊತ್ತದ."

"ಬರ್ತೀನಿ ಅಂತನೂ ಆಕಿ ಅಂದಿದ್ದಿಲ್ಲ."

"ಅದೂ ಗೊತ್ತದ. ಇಲ್ಲಿಗೆ ಬರೋಕಿಂತ ಮೊದಲ ನಾವು ತಾಂಡೂರಾಗ ಆರು ವರ್ಷ ಇದ್ದೆವು. ತೆಲುಗು ನಂಗೂ ಬರ್ತದ."

ಮಹಾದೇವಮ್ಮ ನಡುರಸ್ತೆಯಲ್ಲೇ ನಿಂತಳು. ಇಷ್ಟು ವರ್ಷ, ಇಷ್ಟು ಸಿನಿಮಾ, ಪಕ್ಕದಲ್ಲೇ ಕೂತು ಎಲ್ಲ ತಿಳಿಯುತ್ತಿದ್ದವಳು. "ಮತ್ತ ಅವತ್ತೇ ಯಾಕ ಹೇಳ್ಲಿಲ್ಲ ನೀ?"

ಹಮೀದಾಬೇಗಂ ಬುರ್ಖಾದ ಅಂಚು ಸರಿಮಾಡಿಕೊಂಡಳು. "ಹೇಳಿದ್ರ ಆಕಿ ಅಲ್ಲೇ ಕಲ್ಲಾಗಿ ಉಳೀತಿದ್ಳು. ನಂಗೂ ಆಕಿ ಬರಬೇಕಾಗಿತ್ತು" ಎಂದಳು, ಮತ್ತು ಮಹಾದೇವಮ್ಮನ ಕೈ ಹಿಡಿದು ರಸ್ತೆ ದಾಟಿಸಿದಳು.