ಖಾಲಿ ಇಳಿಸಬಾರದ ಡಬ್ಬಿ

“ಏ ಕಂಡಕ್ಟರಬಾಯಿ, ನಿಮ್ಮೂರಾಗ ಊಟದ ಡಬ್ಬಿ ಖಾಲಿ ಕಳಸ್ತಾರೇನ?”

ಸವಣೂರಿನ ಬಾಡಿಗೆ ಕೋಣೆಯ ಕಿಟಕಿಗೆ ಅಂಗಳದಿಂದ ತೂರಿಬಂದ ಕೆಳಮನೆಯ ಮುದುಕಿಯ ಈ ಬೈಗುಳಕ್ಕೆ ಬೆಪ್ಪಾದೆ. ಡಬ್ಬಿಯನ್ನು ಎರಡೆರಡು ಸಲ ತಿಕ್ಕಿ, ಫಳಫಳ ಹೊಳೆಯಿಸಿ ಕಳಿಸಿದ್ದೆನಲ್ಲ! ಪಕ್ಕದ ಮನೆಯ ಪಾತ್ರೆಯನ್ನು ತೊಳೆದು ಕೊಡಬೇಕೆಂದಷ್ಟೇ ನಮ್ಮಜ್ಜಿ ಕಲಿಸಿದ್ದು. ಇಲ್ಲಿ ಹೊಳಪನ್ನು ಯಾರೂ ನೋಡುವುದಿಲ್ಲ. ಒಳಗೇನು ಬಂತು ಎಂದು ನೋಡುತ್ತಾರೆ.

ಕೊಳ್ಳೇಗಾಲದಿಂದ ಬಸ್ಸಿನ ಕಂಡಕ್ಟರಳಾಗಿ ಈ ಸೀಮೆಗೆ ಬಂದು ಮೂರು ವರ್ಷ. ಹಾನಗಲ್ಲು, ತಿಳವಳ್ಳಿ, ಹಿರೇಕೆರೂರು, ಶಿಗ್ಗಾಂವಿ ಎಂದು ದಿನವಿಡೀ ಊರುಗಳ ಹೆಸರು ಕೂಗುತ್ತ ತಿರುಗುವವಳು ನಾನು. ಅಂಥವಳು ಒಗೆದ ಬಟ್ಟೆಯ ಬಕೆಟ್ ಹಿಡಿದು ಮನೆಯ ಕಬ್ಬಿಣದ ಮೆಟ್ಟಿಲಿನಲ್ಲಿ ಜಾರಿ ಕಾಲು ಮುರಿದುಕೊಂಡೆ. ಪ್ಲಾಸ್ಟರ್ ಹಾಕಿಸಿ, ಕುರ್ಚಿಯಲ್ಲಿ ಹೊತ್ತು ತಂದು, ಮಹಡಿಯ ಮೇಲೆ ಇಟ್ಟು ಹೋದರು. ತಗಡಿನ ಮಾಡು, ಒಂದು ಮಂಚ, ಒಂದು ಕಿಟಕಿ. ಇನ್ನು ಆರು ವಾರ ಅಲ್ಲೇ.

ಹಿರೇಕೆರೂರಿನ ಬಸ್ಸು ತಿರುವಿನಲ್ಲಿ ಹಾರ್ನ್ ಹೊಡೆದರೆ ಹೊಟ್ಟೆಯೊಳಗೆ ಕೊಳ್ಳಿ ಇಟ್ಟಂತಾಗುತ್ತಿತ್ತು. ಜಗತ್ತೆಲ್ಲ ಹೋಗುತ್ತಿದೆ, ನಾನೊಬ್ಬಳು ಇಲ್ಲಿ. ನಿದ್ದೆ ಇಲ್ಲ, ಹಸಿವಿಲ್ಲ. ಎದುರು ಮನೆಯ ನರ್ಸ್ ವಾರಕ್ಕೊಮ್ಮೆ ಬಂದು ಬಿಪಿ ನೋಡಿ ಹುಬ್ಬು ಗಂಟಿಕ್ಕುತ್ತಿದ್ದರು. “ಗುಳಿಗಿ ಬರದು ಕೊಟ್ಟಾರ, ತಗೋರಿ. ಆದ್ರ ಒಳಗ ಕುದಿಯೂದು ನಿಲ್ಲಬೇಕಲ್ರಿ?”

ಫೋನಿನಲ್ಲಿ ಅವ್ವನದು ಒಂದೇ ಮಾತು. “ಬಂದ್ಬುಡು ಮಗ, ಆ ದೂರದ ಊರು ನಿಂಗ್ಯಾಕವ್ವ?” ನನಗೂ ಹಾಗೇ ಅನಿಸಿತು. ರಾಜೀನಾಮೆ ಪತ್ರ ಬರೆದು ದಿಂಬಿನಡಿ ಇಟ್ಟೆ. ಪ್ಲಾಸ್ಟರ್ ಬಿಚ್ಚಿದ ದಿನವೇ ಹೊರಡುವುದು.

ಅಷ್ಟರವರೆಗೆ ಅನ್ನ ಕಾಣಿಸಿದ್ದು ಕೆಳಗಿನ ಮನೆಯವರು. ಸೊಸೆ ರೇಷ್ಮಾ ಬೆಳಿಗ್ಗೆ ಅಡುಗೆ ಮಾಡಿಟ್ಟು ಹೊಲಿಗೆಗೆ ಹೋದರೆ ಬರುವುದು ಸಂಜೆಗೆ. ಅತ್ತೆ ಖಾತೂನಬಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತಿ ವರ್ಷಗಳಾಗಿವೆ. ಹಾಗಾಗಿ ಕಿಟಕಿಯ ಸರಳಿಗೆ ಹಗ್ಗ ಕಟ್ಟಿ ಕೈಚೀಲ ಇಳಿಬಿಟ್ಟಿದ್ದೆವು. ಮಧ್ಯಾಹ್ನ ಮುದುಕಿ ಅದರಲ್ಲಿ ಡಬ್ಬಿ ಇಡುತ್ತಿದ್ದಳು, ನಾನು ಸೇದಿಕೊಳ್ಳುತ್ತಿದ್ದೆ.

ಖಾಲಿ ಡಬ್ಬಿಯ ಆ ಬೈಗುಳಕ್ಕೆ ಕಿಟಕಿಯಿಂದಲೇ ಕೂಗಿದೆ, “ಹಾಕೋಕೆ ನನ್ನ ಹತ್ರ ಏನೂ ಇಲ್ಲ ಅಮ್ಮಾ. ಸಕ್ಕರೆ ಇದೆ ಅಷ್ಟೇ.”

“ಸಕ್ಕರಿ ಬ್ಯಾನಿ ಇದ್ದಾಕಿಗೆ ಸಕ್ಕರಿ ಕಳಸ್ತೀಯೇನ? ಕೊಂದ ಬಿಡ್ತಿ ನೋಡು! ಒಂದು ಚೀಟಿ ಹಾಕು. ಇವತ್ತ ನಿನಗ ಏನ್ ಚಲೋ ಆತು, ಬರಿ. ಸಂಜೀಕ ಸೊಸಿ ಓದ್ತಾಳ.”

ಚಲೋ ಎಂದರೆ ಒಳ್ಳೆಯದು. ಈ ಕೋಣೆಯಲ್ಲಿ ಎಂಥ ಒಳ್ಳೆಯದು? “ಏನೂ ಇಲ್ಲ” ಎಂದು ಬರೆದೆ.

ಮರುದಿನ ಕೆಳಗಿನಿಂದ ದನಿ ಬಂತು. “ಏನೂ ಇಲ್ಲಂತ! ನಿನ್ನಿ ರೊಟ್ಟಿ ಬೆಕ್ಕು ತಿಂತೇನ?”

ನಾಚಿಕೆಯಾಗಿ, “ತಮ್ಮ ಉಪಕಾರಕ್ಕೆ ಸದಾ ಚಿರಋಣಿ” ಎಂದು ಬರೆದೆ. ಅದಕ್ಕೂ ಮಂಗಳಾರತಿಯೇ. “ಇದೇನಿದು, ತಹಶೀಲ್ದಾರರಿಗೆ ಕೊಡೂ ಅರ್ಜಿ? ಕಣ್ಣೀಲೆ ಕಂಡದ್ದು ಬರಿಯವಾ.”

ಆಮೇಲೆ ದಿನಕ್ಕೊಂದನ್ನು ಹುಡುಕಲೇಬೇಕಾಯಿತು. ಡಬ್ಬಿ ಖಾಲಿ ಇಳಿಸುವಂತಿಲ್ಲವಲ್ಲ. ಮುದ್ದೆಯನ್ನು ನಾವು ಗುಳುಂ ಎಂದು ನುಂಗುವವರು. ಕಟಕ ರೊಟ್ಟಿ, ಅಂದರೆ ಒಣಗಿಸಿದ ಜೋಳದ ರೊಟ್ಟಿ, ಹಾಗೆ ಬಿಡುವುದಿಲ್ಲ, ಅಗಿಸುತ್ತದೆ. ಅಗಿಯುತ್ತ ಕೂತಾಗ ಪುಂಡಿಪಲ್ಯದ ಹುಳಿಗೆ ಬಾಯಲ್ಲಿ ನೀರೂರಿತು. ಅದನ್ನೇ ಬರೆದೆ. ಪ್ಲಾಸ್ಟರಿನೊಳಗಿನ ತುರಿಕೆಗೆ, ಸಂಜೆ ಮೇಲೆ ಬಂದ ರೇಷ್ಮಾ ಪ್ಲಾಸ್ಟರಿನ ಮೇಲಿಂದಲೇ ಬೀಸಣಿಗೆ ಬೀಸಿದಳು. ಅದನ್ನೂ ಬರೆದೆ. ಒಂದು ದಿನ ಬರೀ ಸಿಟ್ಟು ಬರೆದೆ, “ಈ ತಗಡು ನನ್ನನ್ನು ಬೇಯಿಸುತ್ತಿದೆ.” ಮುದುಕಿ ಅದನ್ನೂ ಇಟ್ಟುಕೊಂಡಳು. “ಖರೇ ಐತಿ. ಸುಳ್ಳ ಚಲೋದಕ್ಕಿಂತ ಖರೇ ಸಿಟ್ಟು ಮೇಲು.”

ಕೋಣೆ ಎಳ್ಳಷ್ಟೂ ದೊಡ್ಡದಾಗಲಿಲ್ಲ. ಬಿಗಿದ ದವಡೆ ಮಾತ್ರ ಸಡಿಲಾಯಿತು. ನಾಳೆಗೇನು ಬರೆಯಲಿ ಎಂದು ಯೋಚಿಸುತ್ತಲೇ ನಿದ್ದೆ ಹತ್ತಿಬಿಡುತ್ತಿತ್ತು. ನಾಲ್ಕನೇ ವಾರ ನರ್ಸಿನ ಹುಬ್ಬು ಗಂಟಿಕ್ಕಲಿಲ್ಲ. ಗುಳಿಗೆಯ ಪ್ರತಾಪ ಎಂದು ಕಿಟಕಿಯಿಂದ ಕೆಳಗೆ ಕೂಗಿದೆ. “ಹಂಗಾರ ಗುಳಿಗಿದೂ ಚೀಟ್ಯಾಗ ಬರಿ. ತಗೊಳ್ಳೂದು ಬಿಡಬ್ಯಾಡ ಮತ್ತ” ಎಂದಳು ಖಾತೂನಬಿ.

ಐದನೇ ವಾರ ಒಂದು ತಪ್ಪಾಯಿತು. ಹಾಳೆ ಮುಗಿದಿತ್ತು. ದಿಂಬಿನಡಿ ಕೈಗೆ ಸಿಕ್ಕಿದ್ದರ ಮೇಲೆ, “ಇವತ್ತು ಹಿರೇಕೆರೂರು ಬಸ್ಸಿನ ಹಾರ್ನ್ ಕೇಳಿ ಹೊಟ್ಟೆ ಉರಿಯಲಿಲ್ಲ. ಸುಖವಾಗಿ ಹೋಗಿ ಬಾ ಅಂದೆ” ಎಂದು ಬರೆದು ಇಳಿಸಿಬಿಟ್ಟೆ. ಕತ್ತಲಾದ ಮೇಲೆ ದಿಂಬು ಎತ್ತಿದರೆ ರಾಜೀನಾಮೆ ಪತ್ರವೇ ಇಲ್ಲ.

ಮರುದಿನ ಮಧ್ಯಾಹ್ನ ಹಗ್ಗ ಅಲುಗಲಿಲ್ಲ. ಬದಲಿಗೆ ಕಬ್ಬಿಣದ ಮೆಟ್ಟಿಲು ಟಣ್ ಎಂದಿತು. ಒಂದು ನಿಟ್ಟುಸಿರು, ಮತ್ತೆ ಟಣ್. ಎದ್ದು ಹೋಗಿ ಕೈ ಹಿಡಿಯುವಂತಿಲ್ಲ. ಮಂಚದ ಮೇಲೆ ಕೂತು ಹದಿನೇಳು ಮೆಟ್ಟಿಲು ಎಣಿಸಿದೆ. ಒಂದೊಂದರ ಮೇಲೂ ಕೂತು ಕೂತು ಸರಿಯುತ್ತ, ಡಬ್ಬಿಯನ್ನು ಕಂಕುಳಲ್ಲಿ ಅವುಚಿಕೊಂಡು ಖಾತೂನಬಿ ಬಾಗಿಲಿಗೆ ಬಂದಳು.

“ಇದು ಹಗ್ಗದಾಗ ಕಳಸೂ ಮಾತಲ್ಲ,” ಎನ್ನುತ್ತ ಹಾಳೆ ತೆಗೆದಳು. “ಈ ಬಾಜು ಓದಿ ರೇಷ್ಮಾ ಅತ್ತಳು. ಆ ಬಾಜು ಓದಿ ನಕ್ಕಳು. ನಾ ಏನ್ ಮಾಡ್ಲಿ?”

“ಅಮ್ಮಾ, ನಾನು...”

“ಹೋಗಾಕಿ ಇದ್ರ ಹೋಗವಾ. ಬುಟ್ಟಿ ಮುಚ್ಚಾಕ ನೀ ಏನ್ ನಮ್ಮನಿ ಕೋಳಿಯೇನ? ಆದ್ರ ನನಗ ಬರದದ್ದು ನಂದು. ನಿಂದು ನೀ ತಗೊ, ನಂದು ನನಗ ಕೊಡು.”

ಹಾಳೆಯನ್ನು ತಿರುವಿ ತಿರುವಿ ನೋಡಿದೆ. ಒಂದೇ ಹಾಳೆ, ಎರಡು ಮಗ್ಗುಲು. ಹೇಗೆ ಹರಿದರೂ ಎರಡೂ ಹರಿಯುತ್ತವೆ. ಅವಳ ಕೈಗೇ ಕೊಟ್ಟೆ.

ಇಬ್ಬರೂ ರೊಟ್ಟಿ ತಿಂದೆವು. ಇಳಿಯಲು ಎದ್ದವಳು ಮೊಣಕಾಲು ಹಿಡಿದು ಕುಸಿದು ಕೂತಳು. “ಹತ್ತೇನೋ ಬಂದ್ನಿ, ಇಳಿಯೂದು ಹ್ಯಾಂಗ? ಈಗ ಇಬ್ಬರೂ ಸಿಕ್ಕೊಂಡ್ವಿ ನೋಡು!” ರೇಷ್ಮಾ ಬರುವವರೆಗೂ ತಗಡಿನ ಕೆಳಗೆ ಬೇಯುತ್ತ, ನಗುತ್ತ ಕೂತಿದ್ದೆವು.

ಪ್ಲಾಸ್ಟರ್ ಬಿಚ್ಚಿತು. ಈಗ ಮತ್ತೆ ಊರುಗಳ ಹೆಸರು ಕೂಗುತ್ತಿದ್ದೇನೆ. ಮೋಡವಾದರೆ ಕಾಲು ಎಳೆಯುತ್ತದೆ. ಯಾವಾಗ ಬರ್ತೀ ಎಂದು ಅವ್ವ ಕೇಳುತ್ತಾಳೆ, ಬರ್ತೀನಿ ಕಣವ್ವ ಎನ್ನುತ್ತೇನೆ. ಅದು ಸುಳ್ಳಲ್ಲ. ಹಾಳೆ ಮಾತ್ರ ಖಾತೂನಬಿಯ ಡಬ್ಬಿಯಲ್ಲಿದೆ. ಹೊಸ ಹಾಳೆಯಲ್ಲಿ ಇನ್ನೊಂದು ರಾಜೀನಾಮೆ ಬರೆಯಬಹುದು, ಗೊತ್ತು. ಆದರೆ ಈಗ ಯಾವ ಹಾಳೆ ಕೈಗೆ ಬಂದರೂ ಮೊದಲು ತಿರುವಿ ಅದರ ಬೆನ್ನು ನೋಡುತ್ತೇನೆ.