ಅಳಿಯನ ಗಾಡಿಯ ಸೋರಿಕೆ

ಮನೆ ಮುಂದಿನ ಕಲ್ಲಿನ ಮೇಲೆ ಈ ಬೆಳಿಗ್ಗೆ ಕರ್ರಗೆ ಒಂದು ಎಣ್ಣೆ ಕಲೆ ಕಂಡಿತು. ಯಾರದೋ ಬೈಕು ನಿಂತು ಹೋಗಿದೆ. ಹೆಂಡತಿ ಸೋಪಿನ ಪುಡಿ ಹಾಕಿ ತಿಕ್ಕುತ್ತ ಆ ಬೈಕಿನವನ ವಂಶವನ್ನೇ ತೊಳೆಯುತ್ತಿದ್ದಳು. ಆ ವಾಸನೆಗೆ ನನಗೆ ನಮ್ಮ ಭಾವನ ನೆನಪಾಯಿತು. ನಿಮಗೂ ಹೇಳಿಬಿಡುತ್ತೇನೆ, ಅಂಥ ಮನುಷ್ಯನನ್ನು ನಾನೊಬ್ಬನೇ ನೆನೆಯುತ್ತ ಕೂರುವುದು ಆರೋಗ್ಯಕ್ಕೆ ಒಳ್ಳೆಯದಲ್ಲ.

ಭಾವ ಹಡಗಲಿಯವನು. ಮಲ್ಲಿಗೆಯ ಊರಿನಿಂದ ಬಂದರೂ ಅವನ ಹಿಂದೆಯೇ ಬರುತ್ತಿದ್ದದ್ದು ಎಂಜಿನ್ ಎಣ್ಣೆಯ ವಾಸನೆ. ಅಕ್ಕ ಗಿರಿಜಳ ಮದುವೆ ಮಾತುಕತೆಯಲ್ಲಿ ಅವನ ಕಡೆಯವರು, "ನಾವು ಕೇಳೋದೇನಿಲ್ರಿ, ಹುಡುಗಗ ಓಡಾಡಾಕ ಒಂದು ಗಾಡಿ, ಅಷ್ಟ" ಎಂದಿದ್ದರು. ಕೇಳುವುದೇನೂ ಇಲ್ಲದವರು ಬಣ್ಣವನ್ನೂ ತಾವೇ ಹೇಳಿದರು. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಬೈಕಿಲ್ಲದ ಗಂಡಿಗೆ ಬಾಸಿಂಗ ನಿಲ್ಲುತ್ತಿರಲಿಲ್ಲ. ಅಪ್ಪ ಕೊಟ್ಟ.

ಓಡುವಷ್ಟು ದಿನ ಅದು "ನನ್ನ ಗಾಡಿ". ಎಣ್ಣೆ ಸೋರತೊಡಗಿದ ದಿನದಿಂದ "ನಿಮ್ಮ ಗಾಡಿ". ಆಗಾಗ ಅಕ್ಕನನ್ನು ಹಿಂದೆ ಕೂಡಿಸಿಕೊಂಡು ಕೊಟ್ಟೂರಿನ ನಮ್ಮ ಮನೆಗೆ ಬಂದು, ಎಣ್ಣೆ ಮೆತ್ತಿದ ಪ್ಯಾಂಟನ್ನು ಅಪ್ಪನಿಗೆ ತೋರಿಸುತ್ತಿದ್ದ. "ನೋಡ್ರಿ ಮಾವಾರ, ನಿಮ್ಮ ಗಾಡಿ ಹೆಂಗ ನನ್ನ ಮಾನ ಕಳಿತೈತಿ." ಅವ್ವ ಹೂರಣ ರುಬ್ಬಲು ಕೂರುತ್ತಿದ್ದಳು. ಹೋಳಿಗೆ ಉಂಡಾದ ಮೇಲೆ ಭಾವ ಬಸ್ಸು ಹತ್ತುತ್ತಿದ್ದ. "ರಿಪೇರಿ ಆದಮ್ಯಾಲ ಹೇಳಿಕಳಸ್ರಿ. ಎರಡೂ ಕೂಡೇ ಒಯ್ತೀನಿ." ಎರಡೂ ಎಂದರೆ ಗಾಡಿ ಮತ್ತು ನಮ್ಮ ಅಕ್ಕ.

ಓಣಿಯವರು "ಗಿರಿಜವ್ವ ಇನ್ನೂ ಹೋಗಿಲ್ಲೇನ್ರಿ?" ಎಂದು ಕೇಳಿದಾಗಲೆಲ್ಲ ಅವ್ವನ ಮುಖ ಸಣ್ಣದಾಗುತ್ತಿತ್ತು. ಗಂಡ ಬಿಟ್ಟವಳು ಎಂಬ ಮಾತು ಹುಟ್ಟಲು ಎಷ್ಟು ಹೊತ್ತು? ನನಗೆ ಭಾವನ ಮೇಲೆ ಕೆಟ್ಟ ಸಿಟ್ಟು. ಆದರೂ ಅವನ ಗಾಡಿಯ ಕೆಳಗೆ ಅಂಗಾತ ಮಲಗುತ್ತಿದ್ದವನು ನಾನೇ. ಡಿಪ್ಲೊಮಾ ಅರ್ಧಕ್ಕೆ ನಿಂತಿದ್ದರಿಂದ ಮನೆಯಲ್ಲಿ ನಾನು ಅರ್ಧ ಎಂಜಿನಿಯರ್.

ಕೂಡ್ಲಿಗಿಯ ಮೆಕ್ಯಾನಿಕ್ ಗ್ಯಾಸ್ಕೆಟ್ ಹೋಗಿದೆ ಎಂದ, ಬದಲಾಯಿಸಿದೆವು. ಹರಪನಹಳ್ಳಿಯವನು ಆಯಿಲ್ ಸೀಲ್ ಎಂದ, ಅದನ್ನೂ ಬದಲಾಯಿಸಿದೆವು. ಹೊಸದೆಲ್ಲ ಹಾಕಿಕೊಂಡ ಗಾಡಿ ಹೊಸ ಹುರುಪಿನಿಂದ ಸೋರಿತು. ಕೊನೆಗೆ ನಾನು ಎಂಜಿನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ದೇವರ ಜಗುಲಿಯಿಂದ ವಿಭೂತಿ ಗಟ್ಟಿ ತಂದು ಪುಡಿ ಮಾಡಿ ಮೇಲೆಲ್ಲ ಉದುರಿಸಿದೆ. ಎಣ್ಣೆ ಎಲ್ಲಿಂದ ಜಿನುಗುತ್ತದೋ ಅಲ್ಲಿ ಬಿಳುಪು ಕಪ್ಪಾಗಬೇಕು, ಅಷ್ಟೇ ಉಪಾಯ. ಪಕ್ಕದ ಮನೆಯ ಅಜ್ಜ ಇಣುಕಿ, "ಗಾಡಿಗೂ ದೀಕ್ಷಾ ಕೊಟ್ಟೀಯೇನಲೇ?" ಎಂದ.

ಕೂಡ್ಲಿಗಿವರೆಗೆ ಓಡಿಸಿ ಬಂದೆ. ವಿಭೂತಿ ಬೆಳ್ಳಗೇ ಇತ್ತು. ಮರುದಿನವೂ ಹಾಗೇ. ಗಾಡಿ ಗುಣವಾಯಿತೆಂದು ಹಡಗಲಿಗೆ ಹೇಳಿಕಳಿಸಿದೆವು. ಅಪ್ಪನಿಗೆ ಸಂತೋಷ ತಡೆಯಲಾಗಲಿಲ್ಲ. ಮದುವೆಯಾದಾಗಿನಿಂದ ಗಾಡಿ ಹೊರಡುವಾಗ ಪ್ರತಿಸಲ ಮಾಡುತ್ತಿದ್ದಂತೆ ಎಣ್ಣೆಯ ಡಬ್ಬಿ ತಂದು ಎಂಜಿನ್ನಿಗೆ ಕಂಠಮಟ್ಟ ಸುರಿದ. "ಅಳಿಯನ ಗಾಡಿ. ಅರಿಹೊಟ್ಟೀಲೆ ಕಳಸಬಾರ್ದು." ನಮ್ಮ ಮನೆಯ ಪದ್ಧತಿಯೇ ಅದು. ಉಂಡವನು ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲಿ ತುಪ್ಪ ಸುರಿಯುವ ಜನ ನಾವು.

ಪೆಟ್ರೋಲ್ ಹಾಕಿಸಿಕೊಂಡು ಬರುವಷ್ಟರಲ್ಲಿ ಎಂಜಿನ್ ಉಸಿರಾಡುವ ನಳಿಕೆಯಿಂದ ವಿಭೂತಿಯ ಮೇಲೆ ಕರಿಗೆರೆ ಇಳಿದಿತ್ತು. ಹೊಸಿಲಲ್ಲಿ ನಿಂತಿದ್ದ ಅಕ್ಕ ಆ ಗೆರೆ ನೋಡಿದಳು, ಖಾಲಿ ಡಬ್ಬಿ ನೋಡಿದಳು. ಆಮೇಲೆ ನಗಲು ಶುರುಮಾಡಿದಳು.

"ಯಪ್ಪಾ, ಗಾಡಿಗೇನೂ ಆಗಿಲ್ಲ. ನಿನ್ನ ಉಪಚಾರ ಹೆಚ್ಚಾಗೇತಿ. ಹಿಡಿಸಲಾರದ್ದು ಹೊರಗ ಬರತೈತಿ."

ಎಣ್ಣೆ ಅಳೆಯುವ ಕಡ್ಡಿಯ ಮೇಲೆ ಎಷ್ಟಿರಬೇಕೆಂಬ ಗುರುತು ಮೊದಲಿನಿಂದಲೂ ಇತ್ತು. ಎಂಜಿನಿಯರಿಂಗಿನ ಆ ಭಾಗ ನನ್ನ ಇನ್ನರ್ಧದಲ್ಲಿತ್ತೋ ಏನೋ. ಹೆಚ್ಚಿನದನ್ನು ಇಳಿಸಿದೆವು. ಸೋರಿಕೆ ನಿಂತಿತು.

ಭಾವ ಬಂದ. ಬಗ್ಗಿ, ಗಾಡಿಯ ಹೊಟ್ಟೆಯ ಕೆಳಗೆ ಕರ್ಚೀಫು ಆಡಿಸಿದ. ಕರ್ಚೀಫಿಗೆ ಒಂದು ಹನಿಯೂ ಅಂಟಲಿಲ್ಲ. ಪಾಪ, ಮುಖ ಬಾಡಿತು. ಸ್ವಲ್ಪ ಹೊತ್ತು ಗಾಡಿಯ ಸುತ್ತ ಪ್ರದಕ್ಷಿಣೆ ಹಾಕಿ, "ಸೀಟು ಯಾಕೋ ಗಟ್ಟಿ ಅನಸ್ತೈತ್ರಿ ಮಾವಾರ" ಎಂದ.

ಅಪ್ಪ "ಆತು, ಮಾಡಸೋಣ್ರಿ" ಎನ್ನಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ಅಕ್ಕ ಒಳಗಿನಿಂದ ಬೀಗದ ಕೈ ತಂದು ಗಂಡನ ಅಂಗೈಯಲ್ಲಿಟ್ಟಳು.

"ಗಾಡಿ ಒಯ್ರಿ. ನನ್ನ ಒಯ್ಯಾಕ ಇನ್ನೊಮ್ಮೆ ಬರ್ರಿ. ಬಸ್ಸಿಗೆ ಬರ್ರಿ."

ಅವ್ವ ಹಣೆ ಚಚ್ಚಿಕೊಂಡಳು. ಮಗಳು ಇನ್ನು ಇಲ್ಲೇ ಉಳಿದಳೆಂದು ನಾವೆಲ್ಲ ಹೆದರಿ ದಿನ ಕಳೆದೆವು. ಭಾವ ಬಂದ, ತಡವಾಗಿ. ಬಸ್ಸಿನಲ್ಲಿ ನಿಂತುಕೊಂಡೇ ಬಂದನಂತೆ. ಅಂದು ಅಡುಗೆ ಅಕ್ಕನದು: ರೊಟ್ಟಿ, ಬದನೇಕಾಯಿ ಪಲ್ಯ. ಉಂಡು, ಅವಳ ಟ್ರಂಕು ತಾನೇ ಹೊತ್ತ.

ಈಗ ನನ್ನ ಮಗಳಿಗೆ ಗಂಡು ನೋಡುತ್ತಿದ್ದೇವೆ. ಮಧ್ಯಸ್ಥರು ಮೊನ್ನೆ ಫೋನು ಮಾಡಿ "ಹುಡುಗಗ ಏನು ಕೊಡ್ತೀರಿ?" ಎಂದು ಕೇಳಿದ್ದರು. ನಾನು ಯೋಚಿಸಿ ಹೇಳುತ್ತೇನೆಂದು ತಪ್ಪಿಸಿಕೊಂಡಿದ್ದೆ. ಈಗ ನಾನೇ ಫೋನು ಹಚ್ಚಿದೆ.

"ಹುಡುಗಿನ್ನ ಕೊಡ್ತೀವ್ರಿ."

ಆ ಕಡೆ ಅದನ್ನು ಬರೆದುಕೊಂಡ ಸದ್ದಾಯಿತು. ಆಮೇಲೆ, "ಮತ್ತ?"

"ಮತ್ತೇನೂ ಇಲ್ರಿ," ಎಂದೆ.