ಹಾಲ್ ಟಿಕೆಟ್ಟಿಗೆ ಹಾಕಿಸಿದ ಪ್ಲಾಸ್ಟಿಕ್

ಪ್ರವೇಶ ಪರೀಕ್ಷೆಗೆ ಏನು ತರಬೇಕು, ಏನು ತರಬಾರದು ಎಂಬ ಪಟ್ಟಿಯನ್ನು ಗದಗಿನ ನಮ್ಮ ಕಾಲೇಜಿನ ಗೇಟಿಗೆ ನಾನೇ ಅಂಟಿಸಿದ್ದೆ. ವಾಚು ಬೇಡ, ಮೊಬೈಲ್ ಬೇಡ, ಕಿವಿಯೋಲೆ ಬೇಡ. ಹುಲಕೋಟಿಯ ಹುಡುಗಿಯೊಬ್ಬಳು ಎಲ್ಲವನ್ನೂ ಪಾಲಿಸಿ ಬಂದಿದ್ದಳು. ಆದರೆ ಕೊಠಡಿಯಲ್ಲಿ ಮೇಲ್ವಿಚಾರಕನಾದ ನನ್ನೆದುರು ಹಾಲ್ ಟಿಕೆಟ್ ಮೇಲೆ ಸಹಿ ಮಾಡಲು ಹೋದರೆ ಪೆನ್ನು ಜಾರಿತು. ಟಿಕೆಟ್ಟಿಗೆ ಲ್ಯಾಮಿನೇಷನ್ ಆಗಿತ್ತು.

"ನಮ್ಮಪ್ಪ ಮಾಡ್ಸ್ಯಾನ್ರಿ ಸರ" ಎಂದವಳ ಕಣ್ಣುಗಳು ತುಂಬಿದವು.

ಸಿಟ್ಟಿನಲ್ಲೇ ಗೇಟಿಗೆ ಹೋದೆ. ಅವಳ ಅಪ್ಪ ಬಿಸಿಲಲ್ಲಿ ನಿಂತಿದ್ದರು.

"ಇದಕ್ಯಾಕ್ರಿ ಪ್ಲಾಸ್ಟಿಕ್ ಹಾಕ್ಸೀರಿ? ಸಹಿ ಹೆಂಗ ಮಾಡಬೇಕು ಅಕಿ?"

"ಪರೀಕ್ಷಿ ಅಂದ್ರ ಅಕಿ ಅಂಗೈ ಬೆವರ್ತಾವ್ರಿ ಸರ. ಹಾಳಿ ತೊಯ್ದು ಹರೀಬಾರ್ದಂತ ಹಾಕ್ಸೀನ್ರಿ. ತಪ್ಪಾತೇನ್ರಿ?"

ಲ್ಯಾಮಿನೇಷನ್ ಬೇಡ ಎಂದು ನನ್ನ ಪಟ್ಟಿಯಲ್ಲಿ ಬರೆದಿರಲಿಲ್ಲ. ಆಫೀಸಿಗೆ ಓಡಿ ಇನ್ನೊಂದು ಪ್ರಿಂಟ್ ತೆಗೆಸಿ ತಂದೆ. ಗಂಟೆ ಹೊಡೆಯುವ ಮೊದಲು ಸಹಿ ಆಯಿತು.

ಪರೀಕ್ಷೆ ಮುಗಿದ ಮೇಲೆ ಅವರು ಮಗಳ ಕೈಯಿಂದ ಆ ಹೊಸ ಹಾಳೆಯನ್ನು ತೆಗೆದುಕೊಂಡರು. ಬೆವರಿಗೆ ಅದು ಮೆತ್ತಗಾಗಿ, ಮಡಿಕೆಯಲ್ಲಿ ಹರಿದಿತ್ತು. ಅಂಗೈ ಮೇಲೆ ಹಾಳೆಯನ್ನು ಹರವಿ, ಮೆಲ್ಲಗೆ ಕೇಳಿದರು:

"ಈಗ ಹಾಕ್ಸಬಹುದೇನ್ರಿ ಸರ?"